ಕೋಮಾರ್ ನಡುವಿನ ಮನೆ

ನಜೀರೆ ನಮ್ಮ ಕುಜ್ದೆರೆ ಹಳ್ಳಿಗೆ ಮದುವೆಯಾಗಿ ಬಂದದ್ದು ಕೋಮಾರ್ ಹೂಬಿಡುವ ಕಾಲದಲ್ಲಿ. ಕಪ್ಪು ಸಮುದ್ರದ ದಡದ ಹುಡುಗಿ ಅವಳು. ಬಾಗಿಲು ತೆಗೆದರೆ ನೀರು, ಹಿತ್ತಲಿಗೆ ಹೋದರೆ ಚಹಾ ತೋಟ, ಇದನ್ನೇ ನೋಡಿಕೊಂಡು ಬೆಳೆದವಳು. ನಮ್ಮದು ಬೆಟ್ಟದ ಸಂದಿ. ರಸ್ತೆ ಸೇತುವೆಯ ಹತ್ತಿರ ಮುಗಿಯುತ್ತದೆ. ಅಲ್ಲಿ ಮಸೀದಿ, ಅದರ ಪಕ್ಕ ನಮ್ಮ ಮನೆ, ನಮ್ಮ ಅಂಗಳದಲ್ಲೇ ತಂತಿ ಎಳೆಯುವ ಎಂಜಿನ್. ಹೊಳೆಯ ಆಚೆ, ಕತ್ತು ನೋಯುವಷ್ಟು ತಲೆ ಎತ್ತಿದರೆ ಕಾಣುವುದು ಮದುಮಗ ರುಸ್ತೆಮ್‌ನ ಮರದ ಮನೆ. ಅಲ್ಲಿಗೆ ಸಾಮಾನು, ಹಸು, ಮನುಷ್ಯರು ಎಲ್ಲ ಹೋಗುವುದು ತಂತಿಗೆ ನೇತುಹಾಕಿದ ಒಂದು ಮರದ ಪೆಟ್ಟಿಗೆಯಲ್ಲಿ. ಕಾಲುದಾರಿಯೂ ಇದೆ, ಆದರೆ ಅದು ಕೋಮಾರ್ ಪೊದೆಗಳ ಒಳಗೆ ಸುತ್ತಿ ಸುತ್ತಿ ಹತ್ತುತ್ತದೆ. ವರ್ಷಾ ವರ್ಷ ಕಡಿಯದಿದ್ದರೆ ದಾರಿಯೇ ಇರುವುದಿಲ್ಲ.

ಮದುಮಗಳು ಪೆಟ್ಟಿಗೆ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಹೆದರ್ಬೇಡ, ಹತ್ತು," ಅಂದ ರುಸ್ತೆಮ್. "ನಮ್ಮನೆ ಹಸುನೇ ಇದ್ರಲ್ಲಿ ಬಂದಿದೆ. ಒಂದು ಮಾತಾಡ್ಲಿಲ್ಲ ಅದು."

"ಅದಕ್ಕೆ ಮಾತು ಬರ್ತಿದ್ರೆ ತಾನೆ ಆಡೋದು," ಅಂದಳು ನಜೀರೆ.

ನಾವೆಲ್ಲ ನಕ್ಕೆವು. ಅವಳ ತೋಳಲ್ಲಿ ತವರಿನಿಂದ ತಂದ ಒಂದು ಮೇಕೆಮರಿ ಇತ್ತು. ಅದನ್ನು ಅವುಚಿಕೊಂಡು ಪೆಟ್ಟಿಗೆಯಲ್ಲಿ ಕೂತಳು. ನನ್ನ ಗಂಡ ಎಂಜಿನ್ ಬಿಟ್ಟರು. ಇಡೀ ಇಳಿಜಾರು ನೇರಳೆ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಆ ಪೆಟ್ಟಿಗೆ ಸಣ್ಣದಾಗುತ್ತಾ ಹೋಯಿತು.

ಹೂವಿನ ಕಾಲದಲ್ಲಿ ಮಾತ್ರ ಬಂದು ಹೋಗುವವರಿಗೆ ಕೋಮಾರ್ ಎಂದರೆ ಚೆಂದ. ಕೊಂಬೆಯ ತುದಿಗೆ ಹತ್ತು ಹದಿನೈದು ಹೂ ಸೇರಿ ಎರಡು ಕೈಯಲ್ಲಿ ಹಿಡಿಯುವಂಥ ಗೊಂಚಲು. ಹೂವಿಗೆ ಐದು ಎಸಳು. ಮೇಲಿನ ಎಸಳಿಗೆ ಮಾತ್ರ ಹಸಿರು ಕಂದು ಚುಕ್ಕಿಗಳು. ಜೇನುಹುಳು ಆ ಚುಕ್ಕಿಗಳ ದಾರಿ ಹಿಡಿದೇ ಒಳಗಿಳಿಯುತ್ತದೆ. ಒಳಗಿಂದ ಕೇಸರಗಳು ಮೇಲಕ್ಕೆ ಬಾಗಿ ಹೊರಗೆ ಚಾಚಿರುತ್ತವೆ. ಎಲೆ ಉದ್ದ, ದಪ್ಪ, ಚರ್ಮದ ಹಾಗೆ. ಮೇಲೆ ಹೊಳೆಯುವ ಕಡುಹಸಿರು, ಕೆಳಗೆ ಮಾಸಲು. ಚಳಿಗಾಲದಲ್ಲೂ ಉದುರುವುದಿಲ್ಲ. ಹಿಮ ಜೋರಾದರೆ ಎಲೆಗಳು ಸುರುಳಿ ಸುತ್ತಿಕೊಂಡು ಜೋತುಬೀಳುತ್ತವೆ, ಬಿಸಿಲು ಬಂದರೆ ಮತ್ತೆ ಬಿಚ್ಚಿಕೊಳ್ಳುತ್ತವೆ.

ಆ ಮೊದಲ ಚಳಿಗಾಲ ನಜೀರೆಯ ಮೇಕೆ ಹಗ್ಗ ಬಿಡಿಸಿಕೊಂಡಿತು. ಹೊರಗೆಲ್ಲ ಬಿಳಿ, ಹಸಿರು ಅಂತ ಇದ್ದದ್ದು ಕೋಮಾರ್ ಒಂದೇ. ನಾಲ್ಕು ಎಲೆ ತಿಂದು ಬಂತು. ಜೊಲ್ಲು ಸುರಿಸಿತು, ಹಲ್ಲು ಕಡಿಯಿತು, ಕಾಲು ಮಡಚಿ ಮಲಗಿತು. ಮತ್ತೆ ಏಳಲಿಲ್ಲ. ನಜೀರೆ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅತ್ತೆ ಹಾತುನ್ ಬಾಗಿಲಿಗೆ ಬಂದು ನಿಂತರು.

"ಇಲ್ಲಿ ಹುಟ್ಟಿದ ಮೇಕೆ ಅದನ್ನ ಮೂಸೂ ನೋಡಲ್ಲ. ಹೊರಗಿಂದ ಬಂದಿದ್ದಕ್ಕೆ ಯಾವುದು ತಿನ್ಬೇಕು ಯಾವುದು ತಿನ್ಬಾರ್ದು ಗೊತ್ತಾಗಲ್ಲ."

"ಹೇಳಿದ್ರೆ ಗೊತ್ತಾಗ್ತಿತ್ತು ಅತ್ತೆ."

"ಮೇಕೆಗಾ?"

"ನಂಗೆ."

ಹಾತುನ್ ಕೆಟ್ಟ ಹೆಂಗಸಲ್ಲ. ಗಂಡ ಹೋದ ಮೇಲೆ ಆ ಇಳಿಜಾರಿನಲ್ಲಿ ರುಸ್ತೆಮ್, ಮುಹರ್ರೆಮ್ ಇಬ್ಬರು ಗಂಡುಮಕ್ಕಳನ್ನು ಬೆಳೆಸಿ ಗಟ್ಟಿಯಾಗಿದ್ದರು. ಕೈ ಕೆಲಸ ಬಿಟ್ಟು ಬಾಯಿ ಬಿಡುತ್ತಿದ್ದದ್ದು ಕಡಿಮೆ, ಬಿಟ್ಟರೆ ತಾಗುವ ಹಾಗೇ ಬಿಡುತ್ತಿದ್ದರು.

ರುಸ್ತೆಮ್ ಜೇನಿನವನು. ಒಳಗೆ ಕೊರೆದ ಮರದ ದಿಮ್ಮಿಗಳನ್ನು ಎತ್ತರದ ಮರಗಳ ಮೇಲೆ ಕಟ್ಟಿ ಹುಳು ಸಾಕುತ್ತಿದ್ದ. ಶರತ್ಕಾಲದ ಜೇನು ಎಲ್ಲರಿಗೂ. ಕೋಮಾರ್ ಹೂವಿನ ಕಾಲದ್ದು ಬೇರೆ. ಅದು ಗಂಟಲಲ್ಲಿ ಸ್ವಲ್ಪ ಉರಿಯುತ್ತದೆ, ಕಡೆಗೆ ಕಹಿ. ಚಹಾ ಚಮಚದಲ್ಲಿ ಅರ್ಧ, ಬಿಸಿ ಹಾಲಿಗೆ ಹಾಕಿ ಬೆಳಿಗ್ಗೆ ಕುಡಿದರೆ ಮೈಗೆ ಒಳ್ಳೆಯದು ಅಂತ ನಮ್ಮಲ್ಲಿ ಎಷ್ಟೋ ಗಂಡಸರು ಕುಡಿಯುತ್ತಾರೆ. ಜಾಸ್ತಿಯಾದರೆ ಮನುಷ್ಯ ಬೆವರುತ್ತಾನೆ, ಕಣ್ಣು ಮಂಜಾಗುತ್ತದೆ, ನಾಡಿ ಹುಡುಕಬೇಕಾಗುತ್ತದೆ. ಆಗ "ಜೇನು ಹಿಡೀತು" ಅನ್ನುತ್ತೇವೆ. ಸಾಮಾನ್ಯವಾಗಿ ಮಲಗಿ ಎದ್ದರೆ ಸರಿಹೋಗುತ್ತದೆ. ನಗುತ್ತೇವೆ ಕೂಡ.

ಮಗಳು ಎಲ್ಮಾಸ್ ತೆವಳಲು ಶುರುಮಾಡಿದ ವರ್ಷ, ಹೂವಿನ ಕಾಲದಲ್ಲಿ, ನಜೀರೆ ಎಂದಿನಂತೆ ಹಾಲಿಗೆ ಅರ್ಧ ಚಮಚ ಜೇನು ಹಾಕಿ ಗಂಡನಿಗೆ ಕೊಟ್ಟಳು. ಅವನು ತಮ್ಮನ ಜೊತೆ ಮೇಲಿನ ಕಾಡಿಗೆ ಹೋದ. ಮಧ್ಯಾಹ್ನ ಮುಹರ್ರೆಮ್ ಒಬ್ಬನೇ ಓಡಿ ಬಂದ. ರುಸ್ತೆಮ್ ಮರದಿಂದ ಬಿದ್ದಿದ್ದ. ನಾಲ್ಕು ಜನ ಹೋಗಿ ಎತ್ತಿಕೊಂಡು ಬಂದರು. ಬಟ್ಟೆಯ ಮೇಲೆಲ್ಲ ವಾಂತಿ, ಅದಕ್ಕೆ ಜೇನಿನ ವಾಸನೆ.

ಹಾತುನ್ ಮಗನ ಮುಖ ಒರೆಸಿದರು. ಒರೆಸಿದ ಬಟ್ಟೆಯನ್ನು ಮೂಗಿಗೆ ಹಿಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹಾಲಿಗೆ ಎಷ್ಟು ಹಾಕಿದ್ದೆ?"

"ದಿನಾ ಹಾಕೋವಷ್ಟೇ ಅತ್ತೆ. ಅರ್ಧ ಚಮಚ."

"ಯಾರು ನೋಡಿದ್ರು?"

ನಾವೆಲ್ಲ ಅಲ್ಲೇ ಇದ್ದೆವು. ಮುಹರ್ರೆಮ್ ಗೋಡೆಗೆ ಒರಗಿ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ನಡುಗುತ್ತಿದ್ದ. ಅಣ್ಣ ಸತ್ತ ಹುಡುಗ ನಡುಗದೆ ಇನ್ನೇನು ಮಾಡುತ್ತಾನೆ ಅಂದುಕೊಂಡೆವು. ನಜೀರೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರಾಗಿ ನಾವು ಕಣ್ಣು ತಪ್ಪಿಸಿದೆವು.

ಪೊಲೀಸರು ಬಂದು ಕೇಳಿ ಹೋದರು. ಡಾಕ್ಟರು ಬಿದ್ದು ಸತ್ತದ್ದು ಅಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸತ್ತವನ ಹೆಸರಲ್ಲಿ ಊಟ ಹಾಕಿದ ದಿನ ಮಸೀದಿಯ ಅಂಗಳಕ್ಕೆ ಎಲ್ಲ ಮನೆಗಳಿಂದ ತಟ್ಟೆ ಬಂತು. ನಜೀರೆ ತಂದ ಮೆಕ್ಕೆಜೋಳದ ರೊಟ್ಟಿ ಸಂಜೆಯವರೆಗೂ ಬಟ್ಟೆ ಮುಚ್ಚಿದ ಹಾಗೇ ಇತ್ತು. ಅವಳೇ ಎತ್ತಿಕೊಂಡು ಹೋದಳು.

ತವರಿಂದ ಅಣ್ಣ ಬಂದ. ಸೇತುವೆಯ ಹತ್ತಿರವೇ ನಿಂತು ಮಾತಾಡಿದ, ಮೇಲೆ ಹತ್ತಲಿಲ್ಲ.

"ಕರ್ಕೊಂಡು ಹೋಗಣ್ಣ," ಅಂದಳು.

"ಸ್ವಲ್ಪ ದಿನ ತಡಿ. ಮನೇಲಿ ಇನ್ನೂ ಇಬ್ರು ಹೆಣ್ಣುಮಕ್ಕಳು ಮದುವೆಗಿದಾರೆ. ಜನ ಏನೇನೋ ಮಾತಾಡ್ತಿದಾರೆ ನಜೀರೆ. ಮಾತು ತಣ್ಣಗಾಗ್ಲಿ."

"ನೀನೂ ನಂಬಿದೀಯಾ?"

"ನಾನು ನಂಬಿದ್ರೆಷ್ಟು ಬಿಟ್ರೆಷ್ಟು."

ಹಾತುನ್ ಸೊಸೆಯನ್ನು ಹೊರಗೆ ಹಾಕಲಿಲ್ಲ. "ಹೋಗೋದಾದ್ರೆ ಹೋಗು, ಯಾರೂ ಹಿಡ್ಕೊಂಡಿಲ್ಲ. ಮಗು ಮಾತ್ರ ನನ್ನ ಮಗಂದು, ಇಲ್ಲೇ ಇರತ್ತೆ," ಅಂದರು. ಹಾಗಾಗಿ ನಜೀರೆ ಉಳಿದಳು. ಒಂದೇ ಸೂರಿನ ಕೆಳಗೆ ಎರಡು ಒಲೆ ಆಯಿತು. ಅತ್ತೆ ತನ್ನ ಸಾರು ತಾನೇ ಬೇಯಿಸಿಕೊಳ್ಳುತ್ತಿದ್ದರು, ಬೆಣ್ಣೆ ಚೀಸ್ ಇಡುವ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹುಲ್ಲು ಕೊಯ್ಯಲು ಹೋದಾಗ ಹೆಂಗಸರೆಲ್ಲ ಬುತ್ತಿ ಬಿಚ್ಚಿ ಒಬ್ಬರದ್ದೊಬ್ಬರು ತಿನ್ನುತ್ತಿದ್ದರು. ನಜೀರೆ ತನ್ನದನ್ನು ಬಿಚ್ಚಿ, ತನ್ನ ಮುಂದೆಯೇ ಇಟ್ಟುಕೊಂಡು, ತಾನೇ ತಿನ್ನುತ್ತಿದ್ದಳು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮುಹರ್ರೆಮ್ ಆ ವರ್ಷವೇ ಅಂಕಾರಾಗೆ ಬೇಕರಿ ಕೆಲಸಕ್ಕೆ ಹೋದ. ಹಬ್ಬಕ್ಕೆ ಬರುತ್ತಿದ್ದ. ಬಂದರೆ ಅತ್ತಿಗೆಗೆ ತಲೆವಸ್ತ್ರ, ಎಲ್ಮಾಸ್‌ಗೆ ಚಪ್ಪಲಿ ತರುತ್ತಿದ್ದ. ಆ ಮನೆಯಲ್ಲಿ ಅವನೊಬ್ಬನೇ ಅವಳ ಕೈಯ ಚಹಾ ಕುಡಿಯುತ್ತಿದ್ದವನು. ಒಳ್ಳೆಯವನು ಅಂತ ನಜೀರೆ ನನ್ನ ಹತ್ತಿರ ಹೇಳಿದ್ದುಂಟು.

ರುಸ್ತೆಮ್ ಹೋದ ಮೇಲೆ ದಾರಿ ಕಡಿಯುವವರಿಲ್ಲದೆ ಕೋಮಾರ್ ಅಂಗಳದವರೆಗೆ ಬಂತು. ನಜೀರೆ ಕತ್ತಿ ಹಿಡಿದಳು. ಮೊದಲು ದಾರಿಗೋಸ್ಕರ, ಆಮೇಲೆ ಯಾತಕ್ಕೋ ನಮಗೆ ಗೊತ್ತಾಗಲಿಲ್ಲ. ಬೆಳಗಾದರೆ ಕತ್ತಿಯ ಸದ್ದು ಕಣಿವೆಯ ಈಚೆಗೂ ಕೇಳುತ್ತಿತ್ತು. ಕೋಮಾರ್ ಕಡಿಯುವುದು ಸುಲಭವಲ್ಲ. ಕೊಂಬೆಗಳು ನೆಟ್ಟಗೆ ಬೆಳೆಯುವುದಿಲ್ಲ, ಅಡ್ಡಡ್ಡ ಹೆಣೆದುಕೊಳ್ಳುತ್ತವೆ. ಬಾಗಿದ ಕೊಂಬೆ ನೆಲಕ್ಕೆ ತಾಗಿದ ಕಡೆ ಬೇರು ಬಿಟ್ಟು ಅದೇ ಇನ್ನೊಂದು ಗಿಡವಾಗುತ್ತದೆ. ಬುಡ ಕಡಿದರೆ ಮಾರನೇ ವರ್ಷ ಒಂದರ ಜಾಗದಲ್ಲಿ ಹತ್ತು ಚಿಗುರು. ಪೊದೆಯ ಒಳಗೆ ನಡು ಮಧ್ಯಾಹ್ನವೂ ಮುಸ್ಸಂಜೆಯ ಹಾಗೆ. ಅದರ ನೆರಳಲ್ಲಿ, ಕೊಳೆತ ಎಲೆಯ ಹುಳಿ ಮಣ್ಣಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ. ಒಣಗಿದ ಕಾಯಿ ಬಿರಿದರೆ ಬೀಜ ದೂಳಿನ ಹಾಗೆ ಹಾರಿ, ಪಾಚಿ ಸಿಕ್ಕಲ್ಲೆಲ್ಲ ಅಂಟಿಕೊಂಡು ಮೊಳೆಯುತ್ತದೆ.

"ಯಾಕೆ ಹೀಗೆ ಜೀವ ತೇಯ್ತೀಯೇ? ಮುಂದಿನ ವರ್ಷ ಮತ್ತೆ ಬರತ್ತೆ," ಅಂದೆ ಒಮ್ಮೆ.

"ಬರ್ಲಿ ಅಕ್ಕ. ಅದಕ್ಕೆ ನನ್ನ ಮೇಲೆ ಅನುಮಾನ ಇಲ್ವಲ್ಲ," ಅಂದಳು. ಕೈ ತುಂಬ ಗುಳ್ಳೆ ಒಡೆದು ಸಿಪ್ಪೆ ಎದ್ದಿತ್ತು.

ಎಲ್ಮಾಸ್ ದೊಡ್ಡವಳಾಗಿ ಪಟ್ಟಣದ ಹಾಸ್ಟೆಲ್ ಸೇರಿದಳು. ಆ ಚಳಿಗಾಲ ಹಾತುನ್‌ಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ನಾಲಿಗೆ ಮಾತ್ರ ಸ್ವಲ್ಪ ತೊದಲುತ್ತಾ ಉಳಿಯಿತು. ಈಗ ಅವರಿಗೆ ಅನ್ನ ಹಾಕುವ ಕೈ ಅಂತ ಇದ್ದದ್ದು ಒಂದೇ. ಮೊದಲ ದಿನ ನಜೀರೆ ಕೋಸಿನ ಸೊಪ್ಪಿನ ಸಾರು ತಂದು ಬಾಯಿಗೆ ಹಿಡಿದಾಗ ಮುದುಕಿ ತುಟಿ ಬಿಗಿದುಕೊಂಡರು.

"ನೀನು ಮೊದ್ಲು."

ನಜೀರೆ ಒಂದು ಚಮಚ ಕುಡಿದು ತೋರಿಸಿದಳು. ಮುದುಕಿ ಅವಳ ಗಂಟಲು ನುಂಗುವುದನ್ನು ನೋಡಿದ ಮೇಲೇ ಬಾಯಿ ತೆರೆದರು. ಅಂದಿನಿಂದ ಪ್ರತಿ ಊಟವೂ ಹಾಗೇ. ನಾನು ಒಮ್ಮೆ ಅಲ್ಲಿದ್ದೆ, ನೋಡಲಾಗಲಿಲ್ಲ.

"ನಿಂಗೆ ಸಿಟ್ಟು ಬರಲ್ವೇನೇ?" ಅಂತ ಹೊರಗೆ ಬಂದು ಕೇಳಿದೆ.

"ಬರತ್ತೆ. ಬಂದು ಎಲ್ಲಿಗೆ ಹೋಗ್ಬೇಕು ಅದು? ಈ ಮನೇಲಿ ನಂಗೇ ಜಾಗ ಇಲ್ಲ."

ಅದಾಗಿ ಮರುವರ್ಷ ಹೂವಿನ ಕಾಲಕ್ಕೆ ಮುಹರ್ರೆಮ್ ಅಂಕಾರಾದಿಂದ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದ. ಅವರಿಗೆ ನಮ್ಮ ಜೇನು ನೋಡುವ ಹುಚ್ಚು. ಪಕ್ಕದ ಇಳಿಜಾರಿನವರು ಹೊಸದಾಗಿ ಇಳಿಸಿದ ಜೇನುಹುಟ್ಟು ತಂದುಕೊಟ್ಟಿದ್ದರು. ಇಬ್ಬರೂ ಬೆರಳಲ್ಲಿ ಮುಟ್ಟಿ ನೆಕ್ಕಿದರು. ಮುಹರ್ರೆಮ್ ಮುಟ್ಟಲಿಲ್ಲ.

"ಏನಯ್ಯಾ, ನಿಮ್ಮೂರಿನ ಜೇನಿಗೆ ನೀನೇ ಹೆದರ್ತೀಯಾ? ನಮಗೆ ತಿನ್ಸಿ ನೀನು ನೋಡ್ತಾ ಕೂತಿದೀಯಲ್ಲ!" ಅಂತ ಒಬ್ಬ ಕೆಣಕಿದ.

ಮುಹರ್ರೆಮ್‌ನ ಮುಖ ಕೆಂಪಾಯಿತು. ಅಂಗೈಯಷ್ಟು ಹುಟ್ಟು ಮುರಿದು ಬಾಯಿಗೆ ಹಾಕಿಕೊಂಡ, ಮೇಣದ ಸಮೇತ ನುಂಗಿದ. ನಜೀರೆ ದನದ ಕೊಟ್ಟಿಗೆಯಿಂದ ಬರುವಷ್ಟರಲ್ಲಿ ಅವನು ಅಂಗಳದಲ್ಲಿ ಬಗ್ಗಿ ಕೂತು ವಾಂತಿ ಮಾಡುತ್ತಿದ್ದ. ಹಣೆಯಿಂದ ಬೆವರು ಹನಿಯುತ್ತಿತ್ತು. ಸ್ನೇಹಿತರು ನೀರು, ನಿಂಬೆಹಣ್ಣು ಅಂತ ಅತ್ತಿತ್ತ ಓಡಾಡುತ್ತಿದ್ದರು.

ಅವಳು ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಕಾಲಿನ ಕೆಳಗೆ ಹುಲ್ಲಿನ ಹೊರೆ ತಳ್ಳಿದಳು. ಮಣಿಕಟ್ಟು ಹಿಡಿದಳು. ನಾಡಿ ಒಂದು ಸಲ ಬಡಿದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಈಚೆ ದಡಕ್ಕೆ ಕೂಗು ಹಾಕಿದಳು:

"ಅಕ್ಕಾ! ಎಂಜಿನ್ ಬಿಡಿ! ಮುಹರ್ರೆಮ್‌ಗೆ ಜೇನು ಹಿಡಿದಿದೆ, ಜೋರಾಗಿದೆ! ಗಾಡಿಗೆ ಹೇಳಿ!"

ಪೆಟ್ಟಿಗೆಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರಿಗಷ್ಟೇ ಜಾಗ. ಸ್ನೇಹಿತರು ಅವನನ್ನು ಎತ್ತಿ ಒಳಗೆ ಹಾಕಿದರು, ನಜೀರೆ ಹತ್ತಿ ಅವನ ಕಾಲುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ನನ್ನ ಗಂಡ ಎಂಜಿನ್ ಬಿಟ್ಟರು. ಪೆಟ್ಟಿಗೆ ಹೊಳೆಯ ನಡುವಿಗೆ ಬಂದಿತ್ತು, ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಡೀಸೆಲ್ ಕೊಳವೆಯಲ್ಲಿ ಕಸ ಕಟ್ಟಿತ್ತು. ಇವರು ಅದನ್ನು ಬಿಚ್ಚಲು ಕೂತರು. ಅಷ್ಟರಲ್ಲಿ ಸುದ್ದಿ ಹರಡಿ ಸೇತುವೆಯ ಹತ್ತಿರ ಊರಿನ ಅರ್ಧ ಜನ ಸೇರಿದ್ದರು.

ಅವರಿಬ್ಬರೂ ಗಾಳಿಯಲ್ಲಿ ತೂಗುತ್ತಾ ಇದ್ದರು. ಕೆಳಗೆ ಹಿಮ ಕರಗಿದ ನೀರು ಬಂಡೆಗೆ ಬಡಿಯುವ ಸದ್ದು. ಅದರ ಮೇಲೆ ಮಾತು ಕೇಳಬೇಕಾದರೆ ಕೂಗಬೇಕು. ಮುಹರ್ರೆಮ್ ಕೂಗಿದ. ತನ್ನ ಕಥೆ ಮುಗಿಯಿತು ಅಂದುಕೊಂಡಿದ್ದ, ಕಣ್ಣು ಕಾಣುತ್ತಿರಲಿಲ್ಲ, ದಡದಲ್ಲಿ ಜನ ಇರುವುದೂ ಗೊತ್ತಿರಲಿಲ್ಲ.

"ಅತ್ತಿಗೆ! ನಾನು ಸಾಯ್ತೀನಿ ಅತ್ತಿಗೆ!"

"ಸುಮ್ನೆ ಮಲ್ಕೊ. ಏನೂ ಆಗಲ್ಲ."

"ಅಣ್ಣನ ಹಾಗೇ ಸಾಯ್ತೀನಿ! ನಿನ್ನ ಹಾಲಿಂದಲ್ಲ ಅವನು ಸತ್ತಿದ್ದು. ಮರದ ಕೆಳಗೆ ಪಂದ್ಯ ಕಟ್ಟಿದ್ವಿ, ಯಾರು ಜಾಸ್ತಿ ತಿಂತಾರೆ ಅಂತ. ನಾನೇ ಕಟ್ಟಿದ್ದು! ಅವನು ನುಂಗ್ದ. ನಾನು ಬಾಯಲ್ಲಿಟ್ಕೊಂಡು ಹುಲ್ಲಿಗೆ ಉಗಿದೆ. ಅಣ್ಣ ಗೆದ್ದೆ ಅಂತ ನಗ್ತಾ ಇನ್ನೊಂದು ಮರ ಹತ್ತಿದ ಅತ್ತಿಗೆ, ನಗ್ತಾ ಹತ್ತಿದ!"

ದಡದಲ್ಲಿ ನನ್ನ ಗಂಡನ ಕೈಯಲ್ಲಿ ಸ್ಪ್ಯಾನರ್ ಹಾಗೇ ನಿಂತಿತು.

ಪೆಟ್ಟಿಗೆಯ ಅಂಚು ಮೊಣಕಾಲೆತ್ತರವೂ ಇಲ್ಲ. ಅವನ ಕಾಲು ನಜೀರೆಯ ಹೆಗಲ ಮೇಲಿತ್ತು. ಅವಳು ಎದ್ದು ನಿಂತದ್ದನ್ನು ಕಂಡು ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡಳು. ಆದರೆ ನಜೀರೆ ಬಗ್ಗಿ ಅವನ ಕೆನ್ನೆಗೆ ಎರಡು ಬಾರಿಸಿದಳು. ಅದು ದಡಕ್ಕೂ ಕಂಡಿತು.

"ಕಣ್ಣು ಮುಚ್ಬೇಡ! ಸಾಯ್ಬೇಡ ಕಣೋ! ನೀನು ಸತ್ರೆ ಇದೂ ನನ್ನ ತಲೆಗೇ ಬರತ್ತೆ! ಬದ್ಕು, ಬದ್ಕು ಅಂತಿದೀನಿ!"

ಎಂಜಿನ್ ಹತ್ತಿಕೊಳ್ಳುವವರೆಗೂ ಅವಳು ಅವನನ್ನು ಹೊಡೆಯುತ್ತಲೇ, ಬೈಯುತ್ತಲೇ, ಎಚ್ಚರವಾಗಿಟ್ಟಳು. ಅಷ್ಟು ವರ್ಷ ಒಳಗಿದ್ದ ಬೈಗುಳವೆಲ್ಲ ಹೊರಗೆ ಬಂತು. ಅವನಿಗೆ ಸೇರಿದ್ದು, ಅತ್ತೆಗೆ ಸೇರಿದ್ದು, ತವರಿನ ಅಣ್ಣನಿಗೆ ಸೇರಿದ್ದು, ನಮಗೆ ಸೇರಿದ್ದು. ಪೆಟ್ಟಿಗೆ ದಡಕ್ಕೆ ಬಂದಾಗ ನಾಲ್ಕು ಜನ ಅವನನ್ನು ಗಾಡಿಗೆ ಹಾಕಿದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಸಲೈನ್ ಹಾಕಿದರು. ಎರಡನೇ ದಿನಕ್ಕೆ ಎದ್ದು ಕೂತ.

ನಜೀರೆ ಅವನ ಜೊತೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತಳು. ನಾವು ಹೆಂಗಸರು ಸುತ್ತ ನಿಂತೆವು. ಇಮಾಮರ ಹೆಂಡತಿ ನೀರು ತಂದುಕೊಟ್ಟರು. ಅವಳು ಕುಡಿದು ಲೋಟ ವಾಪಸು ಕೊಟ್ಟಳು.

"ನಮಗೆ ಗೊತ್ತಾಗ್ಲಿಲ್ಲ ನಜೀರೆ," ಅಂದರು ಅವರು.

"ಗೊತ್ತಿಲ್ದೇ ಇದ್ದಾಗ್ಲೇ ಅಷ್ಟು ಮಾಡಿದ್ರಿ," ಅಂದಳು. "ಅತ್ತೆಗೆ ಊಟದ ಹೊತ್ತಾಯ್ತು. ಎಂಜಿನ್ ಬಿಡಿ."

ಮೇಲಿನ ಮನೆ ತಂತಿಯ ಕಂಬದ ಪಕ್ಕದಲ್ಲೇ ಇದೆ. ಹಾತುನ್ ಮಲಗಿದ್ದಲ್ಲಿಗೇ ಮಗನ ಕೂಗು ಕೇಳಿಸಿತ್ತು. ಆಮೇಲೆ ನಡೆದದ್ದನ್ನು ನಜೀರೆಯೇ ನನಗೆ ಹೇಳಿದ್ದು. ಅವಳು ಸಾರು ಬಿಸಿ ಮಾಡಿ ತಂದು ಎಂದಿನಂತೆ ಚಮಚವನ್ನು ತನ್ನ ಬಾಯಿಗೆ ಒಯ್ದಾಗ ಮುದುಕಿ ಎಡಗೈ ಎತ್ತಿ ಅವಳ ಕೈ ಹಿಡಿದರು.

"ಬೇಡ. ನೀನು ಕುಡಿದು ನೋಡ್ಬೇಡ."

"ಬಿಸಿ ಇದ್ಯಾ ಅಂತ ನೋಡ್ತಿದೀನಿ. ಬಿಡಿ ಕೈ," ಅಂದಳಂತೆ ನಜೀರೆ. ಮುದುಕಿ ಕುಡಿದರು. ಕುಡಿಯುತ್ತಾ ಅತ್ತರು. ನಜೀರೆ ಬಾಯಿ ಒರೆಸಿದಳು, ಕಣ್ಣು ಒರೆಸಲಿಲ್ಲ.

ಇನ್ನು ಅವಳು ಹೊರಟುಹೋಗುತ್ತಾಳೆ ಅಂದುಕೊಂಡೆವು. ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಅಣ್ಣ ಈ ಸಲ ಮೇಲಿನವರೆಗೂ ಹತ್ತಿ ಬಂದ, ಅತ್ತ, ಮನೆಗೆ ಬಾ ಅಂದ. "ಮಾತು ತಣ್ಣಗಾಯ್ತಾ?" ಅಂತ ಕೇಳಿ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಕೊಟ್ಟಿಗೆಯಲ್ಲಿ ಹಸು, ಹಾಸಿಗೆಯಲ್ಲಿ ಅತ್ತೆ. ಮುಹರ್ರೆಮ್ ತಾಯಿಯನ್ನು ಅಂಕಾರಾಗೆ ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ, ಬರಲಿಲ್ಲ. ಎರಡು ಚಳಿಗಾಲ ಹೀಗೇ ಕಳೆಯಿತು.

"ಹೋಗೇ, ನಾವು ಸರದಿ ಮೇಲೆ ನೋಡ್ಕೋತೀವಿ ಮುದುಕೀನ," ಅಂದೆ.

"ಬೇರೆಯವರ ಕೈಯಲ್ಲಿ ಉಣ್ಣಲ್ಲ ಅವರು ಈಗ," ಅಂದಳು. ಹೇಳುವಾಗ ಅವಳಿಗೇ ನಗು ಬಂತು. ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟಳು. ಆ ನಗು ನನಗೆ ಹಿಡಿಸಲಿಲ್ಲ.

ಹಾತುನ್ ತೀರಿಕೊಂಡದ್ದು ಹಿಮ ಕರಗುವ ಹೊತ್ತಿಗೆ. ಎಲ್ಮಾಸ್ ಆಗ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ತಾಯಿಯನ್ನು ಹಟ ಮಾಡಿ ಕರೆದುಕೊಂಡು ಹೋದಳು. ಚಹಾ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ. ಎಲೆ ಬರುವ ಕಾಲದಲ್ಲಿ ನಜೀರೆ ಕಾರ್ಖಾನೆಯಲ್ಲಿ ಎಲೆ ಆರಿಸುತ್ತಾಳೆ. ಮೊದಮೊದಲು ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಹೊಳೆ ಇಲ್ಲದೆ ಕಿವಿ ಖಾಲಿ ಅನ್ನಿಸುತ್ತಿತ್ತಂತೆ. ಮಧ್ಯಾಹ್ನ ಜೊತೆಯವರು ಬುತ್ತಿ ಬಿಚ್ಚಿದರೆ ಇವಳು ಇನ್ನೂ ಒಂದು ಮೂಲೆಗೆ ಹೋಗಿ ಕೂರುತ್ತಾಳೆ ಅಂತ ಎಲ್ಮಾಸ್ ದೂರಿದಳು. ಯಾರೂ ದೂರ ಕೂರಿಸಿಲ್ಲ, ಅಲ್ಲಿಯವರಿಗೆ ಅವಳ ಕಥೆಯೂ ಗೊತ್ತಿಲ್ಲ. ಕರೆದರೂ ಬರುವುದಿಲ್ಲ.

ಹೋದ ತಿಂಗಳು ನಾನು ಅವಳನ್ನು ನೋಡಲು ಹೋದದ್ದು ಬೇರೆ ಕಾರಣಕ್ಕೆ. ಮುಹರ್ರೆಮ್ ಹಜ್ ಯಾತ್ರೆಗೆ ಹೊರಟಿದ್ದಾನೆ. ಹೊರಡುವ ಮುಂಚೆ ಎಲ್ಲರ ಹತ್ತಿರ ಋಣ ಬಿಡಿಸಿಕೊಳ್ಳಬೇಕು, ತಪ್ಪಾಗಿದ್ದರೆ ಮಾಫಿ ಕೇಳಬೇಕು. ಊರಲ್ಲೆಲ್ಲ ಕೇಳಿಕೊಂಡು ಮುಗಿಸಿದ್ದ. ಇವಳ ಬಾಗಿಲಿಗೆ ಬರುವ ಧೈರ್ಯ ಇಲ್ಲದೆ ಇಮಾಮರನ್ನು ಕಳಿಸಿದ್ದ. ಅವರಿಗೆ ಉತ್ತರ ಸಿಗದೆ ನನ್ನನ್ನು ಕಳಿಸಿದರು.

"ಮಾಫ್ ಮಾಡ್ದೆ ಅಂತ ಒಂದು ಮಾತು ಹೇಳಿಬಿಡೇ," ಅಂದೆ. "ನೀನು ಹೇಳ್ದೆ ಅವನಿಗೆ ಹೊರಡಕ್ಕಾಗಲ್ವಂತೆ."

ನಜೀರೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಸಾಲು ಮುಗಿಸಿ ಸೂಜಿ ತಿರುಗಿಸಿಕೊಂಡಳು.

"ಮಾಡ್ತೀನೋ ಇಲ್ವೋ ನಂಗೇ ಗೊತ್ತಿಲ್ಲ ಅಕ್ಕ. ಸುಳ್ಳು ಹೇಳಿ ಕಳಿಸ್ಲಾ?"

"ಹಾಗಾದ್ರೆ ಅವನು ಏನ್ಮಾಡ್ಬೇಕು?"

"ಕಾಯ್ಲಿ," ಅಂದಳು. "ನಂಗೆ ಗೊತ್ತಾದಾಗ ಹೇಳ್ತೀನಿ."

ಆಮೇಲೆ ನನ್ನ ಪಾದ ನೋಡಿ ಅಳತೆ ಕೇಳಿದಳು. ಚಹಾ ಇಟ್ಟಳು. ಬಸ್ಸಿಗೆ ಹೊತ್ತಾಗುವವರೆಗೂ ಮುಹರ್ರೆಮ್‌ನ ಮಾತು ಮತ್ತೆ ಎತ್ತಲಿಲ್ಲ. ಎಲ್ಮಾಸ್‌ಗೆ ಒಬ್ಬ ಡ್ರೈವರ್ ಹುಡುಗ ಇಷ್ಟವಾಗಿರುವುದನ್ನೂ, ಆ ಹುಡುಗನ ತಾಯಿಗೆ ಬಾಯಿ ಜಾಸ್ತಿ ಇರುವುದನ್ನೂ ಹೇಳುತ್ತಾ ಕೂತಳು.